ಹೆಗಲ ಮೇಲಿನ ಬೂದಿ

ಕೆರೆ ಏರಿಯ ಮೇಲೆ ಎರಡನೇ ಸುತ್ತಿಗೆ ಹೊರಟಾಗ ಇಂದುಮತಿಬಾಯಿಯ ಹೆಗಲಿನಿಂದ ಬೂದಿ ಉದುರತೊಡಗಿತು. ಹಿಂದೆ ಬರುತ್ತಿದ್ದವರು ಮೂಗಿಗೆ ಸೆರಗು ಹಿಡಿದು ಪಕ್ಕಕ್ಕೆ ಸರಿದರು. ಧಾರವಾಡದಲ್ಲಿ ಇದೇನೂ ಹೊಸದಲ್ಲ. ಮನಸ್ಸು ಕುಗ್ಗಿದವರ ಮೈಮೇಲೆ ರಾತ್ರಿ ಬೂದಿ ಕೂರುತ್ತದೆ, ಬೆಳಿಗ್ಗೆ ಬಿರುಸಾಗಿ ನಡೆದರೆ ಉದುರುತ್ತದೆ, ಆಮೇಲೆ ಪಾಲಿಕೆಯವರು ಬಂದು ಗುಡಿಸುತ್ತಾರೆ.

ತನ್ನ ಖಾನಾವಳಿ ಮುಚ್ಚಿದ ಮೇಲೆ ಇಂದುಮತಿ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಸೊಸೆ ಸವಿತಾ ಪಾಪ, ಅತ್ತೆಯ ಮೈಮೇಲಿನ ಬೂದಿಯನ್ನು ದಿನಾ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ನೀರು ತಾಗಿದ ಬೂದಿ ಗಾರೆಯಂತೆ ಗಟ್ಟಿಯಾಗಿ, ಅತ್ತೆಗೆ ತೋಳು ಎತ್ತಲೂ ಬಾರದಾಯಿತು. ಕೊನೆಗೆ ಪಕ್ಕದ ಮನೆಯ ಕಲ್ಲವ್ವ ಬಂದು, "ಒರಸೂದು ಬಿಡವಾ ಸವಿತಾ, ಅಕೀನ್ನ ನಡಸು," ಎಂದು ಕೈಹಿಡಿದು ಎಬ್ಬಿಸಿದ್ದಳು. ಮೊದಲು ಅಂಗಳದ ತನಕ, ಆಮೇಲೆ ಓಣಿಯ ತಿರುವಿನ ತನಕ. ಈಗ ಕೆರೆ.

ಇಂದುಮತಿ ಬೆವರಿ, ಹೊಟ್ಟೆ ಹಸಿದು ಮನೆಗೆ ಬಂದಳು. ಹಸಿವು ಎಂಬುದು ಎಷ್ಟು ದಿನಕ್ಕೆ ಬಂದಿತ್ತು!

"ಇವತ್ತ ಝುಣಕಾ ನಾನ ಮಾಡ್ತೀನಿ," ಎಂದಳು.

ಸವಿತಾ ನಕ್ಕು, ಚಹಾ ಕೊಡಲು ಬಾಗಿದಳು. ಅವಳ ಹೆಗಲ ಮೇಲೆ ತೆಳುವಾಗಿ ಬೂದಿ ಕಂಡಿತು.

"ಇದು ಯಾವಾಗಿಂದ?"

"ಒಲಿ ಬೂದಿ ಇರಬೇಕ್ರಿ, ಅತ್ತಿ."

ಆ ಮನೆಯಲ್ಲಿ ಒಲೆ ಹೊತ್ತಿಸಿ ವರ್ಷಗಳೇ ಆಗಿದ್ದವು. ಅಡುಗೆಯೆಲ್ಲ ಗ್ಯಾಸಿನ ಮೇಲೆ.

ಸೆರಗಿನ ತುದಿ ಹಿಡಿದ ಇಂದುಮತಿಯ ಕೈ ಸೊಸೆಯ ಹೆಗಲಿನವರೆಗೆ ಹೋಗಿ, ಅಲ್ಲೇ ನಿಂತಿತು. ಅವಳು ಎದ್ದು ಬಾಗಿಲ ಮೂಲೆಯಲ್ಲಿ ಧೂಳು ಹಿಡಿದಿದ್ದ ಸವಿತಾಳ ಚಪ್ಪಲಿ ಹುಡುಕಿ ತಂದು, ಬಾಗಿ ಅವಳ ಕಾಲ ಮುಂದೆ ಇಟ್ಟಳು.

"ಚಹಾ ಆರಿದ್ರ ಆರಲಿ. ನಡಿ."