ಒಬ್ಬನಿಗೆ ಕೇಳಿಸದ ಅಪ್‌ಡೇಟ್

ಕಲ್ಲವ್ವ ಬಾಗಿಲನ್ನು ಪೂರ್ತಿ ತೆಗೆಯಲಿಲ್ಲ. ಸಂದಿಯಿಂದಲೇ ಅಂಬಾರಾಯನನ್ನು ಮೇಲಿಂದ ಕೆಳಗೆ ನೋಡಿದಳು.

"ನಮ್ಮ ಮನಿಯವ್ರಿಗೆ ಕಿವಿ ತೊಳಿಸ್ಕೋ ಅಂತ ಬರದವ್ರು ನೀವೇ ಏನ್ರಿ?"

"ಹೌದ್ರಿ ಅಕ್ಕಾರ. ನಾನೇ."

"ತೊಳಿಸ್ಕೊಂಡು ಬಂದು ಕುಂತಾರ. ಒಳಗ ಬರ್ರಿ, ನೋಡೀರಂತ."

ಅಂಬಾರಾಯನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಖರಾಡಿಯಿಂದ ಶಿರೂರಿನವರೆಗೆ ಕ್ಷಮೆಯ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಹೊಸ್ತಿಲು ದಾಟುವಷ್ಟರಲ್ಲಿ ಅದೆಲ್ಲ ಮರೆತುಹೋಯಿತು.

ಖರಾಡಿಯ ಒಂದು ಸಣ್ಣ ಕಂಪನಿಯಲ್ಲಿ ಗಿಟಾರ್ ಮಾಡೆಲರ್ ವಿಭಾಗಕ್ಕೆ ಅವನೇ ಮುಖ್ಯಸ್ಥ. ಮಾಡೆಲರ್ ಎಂದರೆ ಗಿಟಾರ್ ನುಡಿಸುವವರು ಕಾಲ ಬಳಿ ಇಟ್ಟುಕೊಳ್ಳುವ ಪೆಟ್ಟಿಗೆ. ಗಿಟಾರಿನ ವೈರನ್ನು ಅದಕ್ಕೆ ಸಿಕ್ಕಿಸಿದರೆ ದೊಡ್ಡ ದೊಡ್ಡ ಆಂಪ್ಲಿಫೈಯರುಗಳ ಸದ್ದನ್ನು ಅದೊಂದೇ ಹೊರಡಿಸುತ್ತದೆ. ಬಳಸುವವರು ತಮಗೆ ಬೇಕಾದದ್ದನ್ನು ಕಂಪನಿಯ ವೆಬ್‌ಸೈಟಿನಲ್ಲಿ ಬರೆಯುತ್ತಾರೆ. ಉಳಿದವರು ಓಟು ಹಾಕುತ್ತಾರೆ. ಹೆಚ್ಚು ಓಟು ಬಿದ್ದದ್ದನ್ನು ಕಂಪನಿ ಮುಂದಿನ ಅಪ್‌ಡೇಟಿನಲ್ಲಿ ಸೇರಿಸುತ್ತದೆ. ಅದನ್ನು ಇಳಿಸಿಕೊಂಡರೆ ಹಳೆಯ ಪೆಟ್ಟಿಗೆಗೇ ಹೊಸ ಗುಣ ಬರುತ್ತದೆ.

ಶಿರೂರಿನ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವ ಅವಧೂತ ಒಂದು ಬೇಡಿಕೆ ಇಟ್ಟಿದ್ದ. ತಂತಿಯನ್ನು ಮೆಲ್ಲಗೆ ಮೀಟಿದಾಗ ಸ್ವರ ಮೆತ್ತಗಾಗಬೇಕು. ಈಗ ಬರೀ ಸಣ್ಣದಾಗುತ್ತದೆ, ಬಿರುಸು ಹೋಗುವುದಿಲ್ಲ. ಓಟುಗಳು ಸುರಿದವು. ಯಾವಾಗ ಕೊಡುತ್ತೀರಿ ಎಂದು ಜನ ಜೀವ ತಿಂದರು. ಇನ್ನೊಂದು ವಾರ ಪರೀಕ್ಷೆ ಮಾಡೋಣ ಎಂದಳು ಸಹೋದ್ಯೋಗಿ ಹರ್ಷದಾ. ಅಂಬಾರಾಯ ಅವಳ ಮೇಲೆ ಹರಿಹಾಯ್ದು, ತಾನೇ ಕುಳಿತು ಅಪ್‌ಡೇಟನ್ನು ಬಿಡುಗಡೆ ಮಾಡಿದ.

ಜನ ಕೊಂಡಾಡಿದರು. ಬೆಣ್ಣೆಯಂಥ ಸದ್ದು ಎಂದರು. ಒಬ್ಬ ಮಾತ್ರ ತನಗೇನೂ ಫರಕು ಕೇಳಿಸಲಿಲ್ಲ ಎಂದು ಬರೆದ. ಅದೂ ಯಾರು, ಬೇಡಿಕೆ ಇಟ್ಟ ಅವಧೂತನೇ. ಅಂಬಾರಾಯನಿಗೆ ಸಿಟ್ಟು ನೆತ್ತಿಗೇರಿತು. 'ಮೊದಲು ಕಿವಿ ತೊಳೆಸಿಕೊಳ್ಳಿ' ಎಂದು ಎಲ್ಲರೆದುರೇ ಉತ್ತರ ಬರೆದ. ಅದರ ಕೆಳಗೆ ನಗುವ ಮುಖಗಳ ಸಾಲೇ ಬಿತ್ತು.

ಆಮೇಲೆ ಸುದ್ದಿ ಬಂತು. ಅವಧೂತ ಆರ್ಕೆಸ್ಟ್ರಾ ಬಿಡುವ ಯೋಚನೆಯಲ್ಲಿದ್ದಾನೆ.

ಈಗ ಅವನು ಮಂಚದ ಮೇಲೆ ಕುಳಿತಿದ್ದ. ಗಿಟಾರು ಚೀಲ ಸೇರಿತ್ತು.

"ನನಗ ಸಿಟ್ಟಿಲ್ರಿ ಸಾಹೇಬ್ರ," ಎಂದ. "ಡಾಕ್ಟ್ರು ವಯಸ್ಸಿಗೆ ತಕ್ಕಂಗ ಅದ ಅಂದ್ರು. ಅಂದ್ರ ಏನ್ ತಿಳ್ಕೋಬೇಕು? ಜನ್ಮ ಪೂರಾ ಡ್ರಮ್ಮಿನ ಮಗ್ಗಲಕ್ಕ ಕುಂತೀನಿ. ಕಿವಿ ಹೋದಾಂವ ವೇದಿಕಿ ಮ್ಯಾಲ ಕುಂತ್ರ ಉಳಿದವ್ರ ಹೊಟ್ಟಿ ಮ್ಯಾಲ ಹೊಡದಂಗ. ಇವತ್ತು ಮಾಲಕರಿಗೆ ಫೋನ್ ಹಚ್ಚಿ ಹೇಳಿಬಿಡ್ತೀನಿ, ಬ್ಯಾರೆಯವ್ರನ್ನ ನೋಡ್ಕೋರಿ ಅಂತ."

"ಅವಸರ ಮಾಡಬ್ಯಾಡ್ರಿ. ಒಮ್ಮೆ ಎರಡೂ ಕೂಡೇ ಕೇಳೂಣು."

ಅಂಬಾರಾಯ ಅಪ್‌ಡೇಟ್ ಹಾಕದ ಪೆಟ್ಟಿಗೆಯೊಂದನ್ನು ಆಫೀಸಿನಿಂದ ತಂದಿದ್ದ. ಅದನ್ನು ಅವಧೂತನ ಪೆಟ್ಟಿಗೆಯ ಪಕ್ಕಕ್ಕಿಟ್ಟ. ಅವಧೂತ ಗಿಟಾರನ್ನು ಚೀಲದಿಂದ ತೆಗೆದು, ಹಳೆಯದಕ್ಕೆ ವೈರು ಸಿಕ್ಕಿಸಿ ಮೀಟಿದ. ಬಿರುಸು, ಒಣ ಸದ್ದು. ಆಮೇಲೆ ಹೊಸದಕ್ಕೆ ಸಿಕ್ಕಿಸಿ ಮೀಟಿದ. ಅಂಬಾರಾಯನ ಕಿವಿಗೆ ಕೆನೆಗಟ್ಟಿದ ಹಾಲಿನ ಹಾಗೆ ಸ್ವರ ಇಳಿಯಿತು. ಅವನ ಎದೆ ತುಂಬಿತು.

"ಈಗ ತಿಳೀತೇನ್ರಿ?"

ಅವಧೂತ ಕಣ್ಣು ಮುಚ್ಚಿ ಮತ್ತೆ ಮೀಟಿದ. ಮತ್ತೆ ಬದಲಿಸಿದ. "ಇಲ್ರಿ," ಎಂದ.

"ನನಗಂತೂ ಎರಡೂ ಮಿಕ್ಸರ್ ತಿರುಗಿದಂಗ ಕೇಳ್ತಾವ," ಎಂದಳು ಕಲ್ಲವ್ವ ಅಡುಗೆಮನೆಯಿಂದ.

"ಒಂದು ಕೆಲಸ ಮಾಡ್ರಿ ಸಾಹೇಬ್ರ," ಎಂದ ಅವಧೂತ. "ನೀವು ಗ್ವಾಡಿ ಕಡೆ ಮಾರಿ ಮಾಡಿ ಕುಂಡ್ರಿ. ನಾ ಬದಲಿಸ್ತೀನಿ. ಯಾವುದು ಯಾವುದು ಹೇಳ್ರಿ."

"ನಾ ಹಡದ ಕೂಸು ನನಗ ಗುರ್ತು ಸಿಗೂದಿಲ್ಲೇನ್ರಿ?"

ಮಾತು ಬಿರುಸಾಗಿಯೇ ಬಂತು. ಬಂದ ಮೇಲೆ ಅಂಬಾರಾಯ ನಾಲಿಗೆ ಕಚ್ಚಿಕೊಂಡ. ಕ್ಷಮೆ ಕೇಳಲು ಬಂದ ಮನೆಯಲ್ಲೂ ತನ್ನ ಬಾಯಿ ಹೀಗೇ.

"ಸಿಗ್ತದ ಬಿಡ್ರಿ," ಎಂದು ಅವಧೂತ ವೈರು ಸುತ್ತತೊಡಗಿದ.

ಅಂಬಾರಾಯ ಕೈ ಜೋಡಿಸಿದ. "ನನ್ನ ಮಾತು ತಪ್ಪಾತ್ರಿ. ನಾಲ್ಕು ಮಂದಿ ಮುಂದ ಹಂಗ ಅನ್ನಬಾರದಿತ್ತು. ಆದ್ರ ಸದ್ದಿನ ವಿಷಯದಾಗ ನಿಮ್ಮ ಸಮಾಧಾನಕ್ಕಂತ ಸುಳ್ಳು ಹೇಳಲಾರೆ."

"ಹೇಳಬ್ಯಾಡ್ರಿ," ಎಂದ ಅವಧೂತ. "ಅದಕ್ಕೇ ನಿಮ್ಮ ಮಾತು ನಂಬೀನಿ."

ಚಹಾಕ್ಕೂ ನಿಲ್ಲದೆ ಅಂಬಾರಾಯ ಮೆಟ್ಟಿಲಿಳಿದ. ನಾಚಿಕೆ ಇನ್ನೂ ಹೋಗಿರಲಿಲ್ಲ. ಅದರ ನಡುವೆಯೂ ಸಣ್ಣದೊಂದು ನೆಮ್ಮದಿ. ಮಾತು ಕೆಟ್ಟದ್ದಿರಬಹುದು, ಹೇಳಿದ್ದು ನಿಜವಾಗಿತ್ತು.

ಕಾರಿನ ಬಾಗಿಲು ತೆಗೆಯುವಾಗ ಫೋನ್ ಬಂತು. ಹರ್ಷದಾ.

"ಮತ್ತ ಏನು, ಇನ್ನೂ ಪರೀಕ್ಷಾನೇ ನಡಸೀಯೇನು?" ಎಂದು ರೇಗಿದ.

ಆಮೇಲೆ ಅವನು ರೇಗಲಿಲ್ಲ. "ಇನ್ನೊಮ್ಮೆ ನೋಡು," ಎಂದ. ಅವಳು ನೋಡಿಯೇ ಹೇಳುತ್ತಿದ್ದಳು. ಅವನ ಕಿವಿಯವರೆಗೂ ಬಿಸಿಯೇರಿತು. ಕಾರಿನ ಬಾಗಿಲನ್ನು ತೆರೆದೇ ಬಿಟ್ಟು ಮೆಟ್ಟಿಲು ಹತ್ತಿದ.

ಕಲ್ಲವ್ವ ಅಡ್ಡ ನಿಂತಳು. "ಇನ್ನೇನ್ ಉಳದಿತ್ರಿ ಹೇಳೂದು?"

ಅವಳ ಹಿಂದೆ ಅವಧೂತ ಮೊಬೈಲನ್ನು ಕಿವಿಗಿಟ್ಟುಕೊಂಡಿದ್ದ. ಆ ಕಡೆಯಿಂದ ಇನ್ನೂ ಯಾರೂ ಎತ್ತಿರಲಿಲ್ಲ.

"ಫೋನ್ ಇಡ್ರಿ ಅವಧೂತ ಅವರ," ಎಂದ ಅಂಬಾರಾಯ, ತಲೆ ಎತ್ತದೆ. "ಎರಡೂ ಪೆಟ್ಟಿಗ್ಯಾಗ ಇರೂದು ಹಳೇದೇ. ಹಳೇ ಫೈಲಿಗೆ ಹೊಸ ನಂಬರ್ ಹಚ್ಚಿ ಊರಿಗೆಲ್ಲ ಹಂಚೀನಿ ನಾ."