ಶನಿವಾರದ ಸಿನಿಮಾಕ್ಕೆ ಅಪ್ಪಣೆ

"ಡಿಲೀಟ್ ಮಾಡು. ಈಗಲೇ, ನನ್ನೆದುರಿಗೇ," ಎಂದಳು ತೇಜಸ್ವಿನಿ.

ಮನೋಜ್ ಲ್ಯಾಪ್‌ಟಾಪಿಗೆ ಕೈ ಅಡ್ಡ ಇಟ್ಟ. "ಅಮ್ಮನ ಸಿನಿಮಾ ಕಣೇ ಇದು! ಎಷ್ಟು ವರ್ಷ ಹುಡುಕಿದ್ದೀನಿ ಗೊತ್ತಾ?"

ಗೊತ್ತಿಲ್ಲದೆ ಏನು? ಅತ್ತೆ ರತ್ನಾ ಮದುವೆಗೆ ಮುಂಚೆ ಒಂದೇ ಒಂದು ಸಿನಿಮಾದಲ್ಲಿ ನಾಯಕಿಯ ತಂಗಿಯಾಗಿದ್ದರು. ಅದು ಬಂದ ವಾರವೇ ಥಿಯೇಟರಿನಿಂದ ಎತ್ತಂಗಡಿಯಾಯಿತು. ಅವರು ನೋಡಲೇ ಇಲ್ಲ. "ಒಂದ್ಸಲ ನನ್ನನ್ನ ನಾನು ತೆರೆ ಮೇಲೆ ನೋಡ್ಕೋಬೇಕು ಕಣಮ್ಮ" ಎಂದು ಊರು ಬಿಟ್ಟು ಈ ಪರದೇಶಕ್ಕೆ, ಬಾಟನಿ ಡೌನ್ಸ್‌ನ ಈ ಮನೆಗೆ ಬಂದಾಗಿನಿಂದ ಹೇಳುತ್ತಲೇ ಇದ್ದರು. ಶನಿವಾರ ಅವರಿಗೆ ಎಪ್ಪತ್ತು. ಹಾಲ್ ಗೊತ್ತು ಮಾಡಿದ್ದಾಗಿತ್ತು, ದೊಡ್ಡ ಪರದೆಯೂ ಸಿಕ್ಕಿತ್ತು.

ಆದರೆ ನೆಟ್‌ನಿಂದ ಇಳಿಸಿಕೊಂಡದ್ದಾದರೇನು, ಕದ್ದ ಮಾಲು ಕದ್ದ ಮಾಲೇ. ತೇಜಸ್ವಿನಿ ಆಪರೇಷನ್ ಥಿಯೇಟರಿನ ನರ್ಸು. ರೋಗಿಯ ಒಪ್ಪಿಗೆ ಇಲ್ಲದೆ ಅಲ್ಲಿ ಒಂದು ಕತ್ತರಿಯೂ ಅಲುಗುವುದಿಲ್ಲ. ಸಾಲದ್ದಕ್ಕೆ ಮನೆಯ ಇಂಟರ್ನೆಟ್ ಇದ್ದದ್ದು ಅವಳ ಹೆಸರಿನಲ್ಲಿ. ನೋಟಿಸು ಬಂದರೆ ಅವಳಿಗೇ.

"ಒಂದು ಮಾತು ಕೇಳಿದ್ರೆ ನಮ್ಮ ಗಂಟೇನು ಹೋಗುತ್ತೆ?"

"ಯಾರನ್ನ ಕೇಳೋದು? ಆ ನಿರ್ಮಾಪಕರು ಫೋನೇ ಎತ್ತಲ್ವಲ್ಲ."

ಅವಳ ತಲೆ ಕೆಡಿಸಿದ್ದೇ ಅದು. ಹುಬ್ಬಳ್ಳಿಯ ಚನ್ನಬಸಪ್ಪನವರ ಲ್ಯಾಂಡ್‌ಲೈನ್ ನಂಬರನ್ನು ಹರಸಾಹಸ ಮಾಡಿ ಗಿಟ್ಟಿಸಿದ್ದಳು. ಡ್ಯೂಟಿ ಮುಗಿಸಿ ಬಂದು ದಿನಾ ಮಾಡುವುದು, ಅದು ಬಡಕೊಂಡು ಬಡಕೊಂಡು ಸುಮ್ಮನಾಗುವುದು. ಕದಿಯುವವನಿಗೆ ಇಡೀ ಸಿನಿಮಾ ಸಿಗುತ್ತದೆ, ನಿಯತ್ತಾಗಿ ಕೇಳುವವಳಿಗೆ ಒಂದು ಹಲೋ ಕೂಡ ಇಲ್ಲ! ಇದೆಂಥ ನ್ಯಾಯ?

ಮನೋಜ್ ಸಿನಿಮಾ ಶುರು ಮಾಡಿ ತೋರಿಸಿದ. ಯಾರೋ ಟೀವಿಯಲ್ಲಿ ಹಾಕಿಕೊಂಡು ಮೊಬೈಲಿನಲ್ಲಿ ಹಿಡಿದದ್ದು. ಹಾಡಿನ ನಡುವೆ ಹಿಡಿದವನ ಗೊರಗೊರ ಕೆಮ್ಮು, ಹಿಂದಿನಿಂದ ಒಂದು ಹೆಣ್ಣುದನಿ, "ಚಹಾ ಆರಿ ಹೋತ್ರೀ!"

"ಥೂ, ಕಳ್ಳನಿಗೆ ನೆಟ್ಟಗೆ ಕದಿಯೋಕೂ ಬರಲ್ಲ!"

ಮನೋಜ್ ಅಳಿಸಿದ. ಮಾತನ್ನೂ ಬಿಟ್ಟ. ಮರುದಿನ ಊಟದ ಡಬ್ಬಿ ಮುಟ್ಟದೆ ಈಸ್ಟ್ ತಮಾಕಿಯ ಕೆಲಸಕ್ಕೆ ಹೊರಟುಹೋದ.

ಗಂಡನ ಮೇಲಿನ ಸಿಟ್ಟು ಆ ಕಳ್ಳನ ಮೇಲೆ ತಿರುಗಿತು. ಸಿನಿಮಾ ಹಾಕಿದ್ದ ಜಾಲತಾಣಕ್ಕೆ ತೇಜಸ್ವಿನಿ ದೂರು ಕೊಟ್ಟಳು. ಯಾರ ಪರವಾಗಿ ಎಂದು ಅದು ಕೇಳಿತು. ಚನ್ನಬಸಪ್ಪನವರ ಹೆಸರು ಹಾಕಿದಳು. ಪಾಪ, ಅವರಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನಲ್ಲ! ಎರಡು ದಿನದಲ್ಲಿ ಸಿನಿಮಾ ಅಲ್ಲಿಂದ ಮಾಯವಾಯಿತು.

ಗುರುವಾರ ಸಂಜೆ ಹುಬ್ಬಳ್ಳಿಯ ಫೋನನ್ನು ಕೊನೆಗೂ ಒಬ್ಬರು ಎತ್ತಿದರು. ಚನ್ನಬಸಪ್ಪನವರೇ! ತೇಜಸ್ವಿನಿ ಅತ್ತೆಯ ಆಸೆಯನ್ನೂ ಶನಿವಾರದ ಹುಟ್ಟುಹಬ್ಬವನ್ನೂ ಒಂದೇ ಉಸಿರಿಗೆ ಹೇಳಿ ಅಪ್ಪಣೆ ಕೇಳಿದಳು.

"ಕಣ್ಣಿನ ಆಪರೇಷನ್ ಅಂತ ಮಗಳ ಮನ್ಯಾಗ ಇದ್ದೆ, ತಂಗಿ. ಯಾರು, ರತ್ನಾ? ಆ ಚೂಟಿ ಹುಡುಗಿ! ಅಕಿ ಸಿನಿಮಾ ಅಕಿಗೆ ತೋರಸಾಕ ನನ್ನ ಅಪ್ಪಣೆ ಯಾಕ ಬೇಕವಾ? ಧಾರಾಳ ತೋರಸು."

ಅಬ್ಬಾ! ತೇಜಸ್ವಿನಿ ಕೈ ಬೀಸಿ ಮನೋಜನನ್ನು ಕರೆದಳು, ಸ್ಪೀಕರ್ ಹಾಕಿದಳು. ನೋಡು ಹೇಗೆ ಎಂಬಂತೆ ಹುಬ್ಬು ಹಾರಿಸಿದಳು. ಪಕ್ಕದ ಕೋಣೆಯಲ್ಲಿ ಅತ್ತೆ ಶನಿವಾರಕ್ಕೆ ಸೀರೆ ಆರಿಸುತ್ತಿದ್ದರು.

"ಹಾಗಾದ್ರೆ ಸರ್, ಒಂದು ಒಳ್ಳೆ ಕಾಪಿ ಕಳಿಸಿಕೊಡ್ತೀರಾ?"

ಉತ್ತರದ ಬದಲು ಗೊರಗೊರ ಕೆಮ್ಮು ಬಂತು. ಹಿಂದಿನಿಂದ ಒಂದು ಹೆಣ್ಣುದನಿ, "ಚಹಾ ಆರಿ ಹೋತ್ರೀ!"

ಮನೋಜ್ ಹೆಂಡತಿಯ ಮುಖ ನೋಡಿದ.

"ಕಾಪಿ ಎಲ್ಲಿಂದ ತರ್ಲಿ, ತಂಗಿ? ಇದ್ದೊಂದು ಕ್ಯಾಸೆಟ್ ಹರದು ಹೋತು. ಎಲ್ಲಾರೂ ನೋಡ್ಲಿ ಅಂತ ನಾನೇ ನೆಟ್‌ನಾಗ ಹಾಕಿ, ಮೊಬೈಲಿನಾಗಿಂದು ಅಳಿಸಿಬಿಟ್ಟಿದ್ದೆ. ಈಗ ನೋಡಿದ್ರ ಯಾವನೋ ನನ್ನ ಹೆಸರ್ಲೇ ದೂರು ಕೊಟ್ಟು ತಗಸ್ಯಾನ. ನಿಮ್ಮ ಕಡೆ ಯಾರರ ಕದ್ದು ಇಳಿಸ್ಕೊಂಡಾರೇನು, ಸ್ವಲ್ಪ ನೋಡವಾ?"