ಖುಬೂಸಿನ ಮೊದಲ ತುಂಡು

ಲಾರಿಯ ಹಲಗೆಯ ಮೇಲೆ ಕಾಲಿಡದೆ ಆ ಹಸು ನಿಂತುಬಿಟ್ಟಿತ್ತು. ಹಾಲು ಬತ್ತಿದ ಮೇಲೆ ಅಬುಧಾಬಿಯ ಈ ಡೈರಿಯಿಂದ ಹಸುಗಳು ಹೋಗುವುದು ಕಸಾಯಿಖಾನೆಗೇ. ನಾಲ್ವರು ತಳ್ಳಿದರೂ ಅದು ಕದಲಲಿಲ್ಲ. ಐದನೆಯವನು ಶಾಕ್ ಕೊಡುವ ಕೋಲು ತಂದ.

"ಪೂವಪ್ಪಣ್ಣ, ನೀವು ಕರೆದರೆ ಬರ್ತದೆ ಮಾರಾಯ್ರೆ," ಎಂದ ಸೂಪರ್‌ವೈಸರ್ ಸುಜಿತ್, ಮುಖ ನೋಡದೆ. "ಇಲ್ಲದಿದ್ರೆ ಇವರು ಶಾಕ್ ಕೊಡ್ತಾರೆ. ನನಗೂ ಅದನ್ನು ನೋಡ್ಲಿಕ್ಕೆ ಆಗುದಿಲ್ಲ."

"ನನ್ನ ಕೈಯಿಂದಲೇ ಆಗ್ಬೇಕಾ ಸುಜಿತ್?"

ಕೋಲು ಹಿಡಿದವನಿಗೆ ಸುಜಿತ್ ತುಸು ತಡೆಯುವಂತೆ ಕೈಸನ್ನೆ ಮಾಡಿದ. ಕರೆದರೆ ಬರುತ್ತದೆಂದು ಮೇವು ಹಾಕುವ ಪೂವಪ್ಪನಿಗೂ ಗೊತ್ತಿತ್ತು. ಐದು ವರ್ಷಗಳಿಂದ ಅವನು ಊಟಕ್ಕೆ ಮುಂಚೆ, ಗೋಗ್ರಾಸವೆಂದು, ಖುಬೂಸ್ ರೊಟ್ಟಿಯ ಮೊದಲ ತುಂಡನ್ನು ಅದಕ್ಕೇ ತಿನ್ನಿಸುತ್ತಿದ್ದ. ಅದರ ಬೆನ್ನು ಮುಟ್ಟಿದ ಕೈಯನ್ನು ಕಣ್ಣಿಗೊತ್ತಿಕೊಂಡ ಮೇಲೆಯೇ ತಾನು ಉಣ್ಣುತ್ತಿದ್ದ. ಊರು ಬಿಟ್ಟು ಬಂದವನಿಗೆ ಈ ಮರಳಿನ ನಡುವೆ ಇದ್ದ ದೇವರೆಂದರೆ ಅದೊಂದೇ.

ಅವನು ಊಟದ ಡಬ್ಬಿ ತೆರೆದು ಖುಬೂಸ್ ಮುರಿದ. ಲಾರಿಯೊಳಗೆ ಹತ್ತಿ ನಿಂತು, ಕೈ ಚಾಚಿ, ದಿನವೂ ಕರೆಯುವಂತೆ ತುಳುವಿನಲ್ಲಿ ಕರೆದ. "ಬಲ ಅಪ್ಪೆ." ಬಾ ಅಮ್ಮಾ ಎಂಬ ಆ ದನಿಗೆ ಹಸು ಕಿವಿ ನಿಮಿರಿಸಿತು. ಯಾರೂ ತಳ್ಳದೆ, ಹಲಗೆಯ ಮೇಲೆ ಒಂದೊಂದೇ ಹೆಜ್ಜೆಯಿಟ್ಟು ಹತ್ತಿ ಬಂತು. ತುಂಡನ್ನು ತಿಂದು, ಒರಟು ನಾಲಿಗೆಯಿಂದ ಅವನ ಅಂಗೈಯನ್ನು ಚೆನ್ನಾಗಿ ನೆಕ್ಕಿತು.

"ಖಲಾಸ್, ಇಳಿದು ಬನ್ನಿ ಪೂವಪ್ಪಣ್ಣ," ಎಂದ ಸುಜಿತ್.

ಅಭ್ಯಾಸಬಲದಿಂದ ಪೂವಪ್ಪ ಅದರ ಬೆನ್ನು ಮುಟ್ಟಿದ. ಮುಟ್ಟಿದ ಕೈ ಕಣ್ಣಿನ ತನಕ ಏಳಲಿಲ್ಲ.